ಎಕ್ಕಕ್ಕೂ ಉಸಿರುಮೀನಿಗೂ ಸಾಟಿ ಹೇಳಿದವಳು

ನದಿಯೊಂದು ಕಡಲಿಗೆ ಸೇರುವಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಯಾರೂ ಯಾವುದನ್ನೂ ಇನ್ನೊಂದಕ್ಕೆ ಹೋಲಿಸುತ್ತಿರಲಿಲ್ಲ. ಹೋಲಿಸಬಾರದು ಎಂಬುದೇ ಅಲ್ಲಿನ ಕಟ್ಟಳೆ. ಕಾಗೆ ಅಲ್ಲಿಯೂ ಕಪ್ಪಗಿತ್ತು, ಇದ್ದಿಲೂ ಕಪ್ಪಗಿತ್ತು, ಆದರೆ ಕಾಗೆಯನ್ನು ನೋಡಿದವರು ಇದ್ದಿಲನ್ನು ನೆನೆಯುತ್ತಿರಲಿಲ್ಲ. ನೆನೆದರೂ ಬಾಯಿ ಬಿಡುತ್ತಿರಲಿಲ್ಲ.

ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಹೊಸ ಮದುಮಗನೊಬ್ಬ ಹೆಂಡತಿಯ ಗಲ್ಲ ಹಿಡಿದು, ನಿನ್ನ ಕಣ್ಣು ಮೀನಿನ ಕಣ್ಣಿನ ಹಾಗಿದೆ ಅಂದನಂತೆ. ಪಾಪ, ಪ್ರೀತಿಯಿಂದಲೇ ಅಂದದ್ದು. ಮೀನಿಗೆ ರೆಪ್ಪೆಯಿಲ್ಲ ಎಂಬುದು ಅವನ ನೆನಪಿಗೆ ಬರಲಿಲ್ಲ. ಅವತ್ತಿನಿಂದ ಅವಳು ಕಣ್ಣು ಮುಚ್ಚಲಿಲ್ಲ, ಮುದುಕಿಯಾಗಿ ಸಾಯುವವರೆಗೂ, ಸತ್ತ ಮೇಲೂ. ಆ ತೆರೆದ ಕಣ್ಣುಗಳ ಪಕ್ಕದಲ್ಲಿ ಅವನು ಒಂದು ಜನ್ಮ ಮಲಗಿ ಎದ್ದ. ಇನ್ನೊಬ್ಬ ಹೊಟ್ಟೆ ತಟ್ಟಿಕೊಂಡು, ಕೊಡಪಾನದ ಹಾಗಾಗಿದೆ ಎಂದು ಚೇಷ್ಟೆ ಮಾಡಿದ. ಅವನು ನಡೆದಾಗಲೆಲ್ಲ ಒಳಗೆ ನೀರು ಅಲುಗಾಡುವ ಸದ್ದು ಕೇಳತೊಡಗಿತು.

ಹಾಗಾಗಿ ಊರಿನವರು ನಾಲಿಗೆಯನ್ನು ಬಿಗಿಹಿಡಿದು ಬದುಕುವುದನ್ನು ಕಲಿತರು. ಅತ್ತೆಯರಿಗೆ ನೆರೆಮನೆಯ ಸೊಸೆಯ ಹೆಸರೆತ್ತುವ ಸುಖವಿರಲಿಲ್ಲ. ಗಾದೆ ಹೇಳಹೊರಟ ಮುದುಕರು 'ತಾಯಿಯಂತೆ' ಎಂದು ಶುರುಮಾಡಿ, ತಕ್ಷಣ ಕೆಮ್ಮಿ, ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗುತ್ತಿದ್ದರು. ಮಗು ಹುಟ್ಟಿದ ಮನೆಗೆ ಹೋದವರು ಮೂಗು ಅಪ್ಪನದು, ಹಣೆ ಅಜ್ಜಿಯದು ಅನ್ನುವ ಹಾಗಿಲ್ಲ. ತೊಟ್ಟಿಲಿಗೆ ಬಗ್ಗಿ ನೋಡಿ, ಮಗು ಮಗುವೇ ಎಂದು ಹೇಳಿ, ಕೊಟ್ಟ ಬೆಲ್ಲ ತಿಂದು ಬರುತ್ತಿದ್ದರು.

ಆದರೆ ವರ್ಷಕ್ಕೊಂದು ದಿನ, ಒಬ್ಬಳೇ ಒಬ್ಬಳು, ಎರಡೇ ಎರಡನ್ನು ಹೋಲಿಸಬಹುದಿತ್ತು. ಹೋಲಿಸಲೇಬೇಕಿತ್ತು. ಒಂದು, ಮರಳುದಿಬ್ಬದ ಮೇಲೆ ಬೆಳೆಯುವ ಎಕ್ಕದ ಗಿಡ. ಇನ್ನೊಂದು, ಅಳಿವೆಯ ಬಾಯಿಗೆ, ಅಂದರೆ ಹೊಳೆ ಕಡಲು ಸೇರುವ ಕಂಡಿಗೆ ಬಂದುಹೋಗುವ ಗೂನುಬೆನ್ನಿನ ಡಾಲ್ಫಿನ್. ನೀರಿನ ಮೇಲೆ ಬಂದು ಉಸಿರು ಬಿಟ್ಟು ಹೋಗುವುದರಿಂದ ಊರಿನವರು ಅದನ್ನು ಉಸಿರುಮೀನು ಅನ್ನುತ್ತಿದ್ದರು.

ಹಿರಿಯರು ಜಾಣರು. ಒಂದರಿಂದ ಒಂದು ಎಷ್ಟು ದೂರ ಇರಬಹುದೋ ಅಷ್ಟು ದೂರದ ಎರಡನ್ನು ಹುಡುಕಿ ಆರಿಸಿದ್ದರು. ಅಂಥವನ್ನು ಹೋಲಿಸಿದರೆ ಯಾರಿಗೂ ಕೆಡುಕಾಗದು. ನೆಲಕ್ಕೂ ನೀರಿಗೂ ನೀವಿಬ್ಬರೂ ನೆಂಟರು ಎಂದು ವರ್ಷಕ್ಕೊಮ್ಮೆ ನೆನಪಿಸಿದಂತೆಯೂ ಆಯಿತು. ನೆನಪಿಸದೆ ಬಿಟ್ಟ ವರ್ಷ ಅಳಿವೆಯ ಬಾಯಿ ಮರಳು ಕಟ್ಟಿ ಮುಚ್ಚಿತಂತೆ, ಹೊಳೆ ಹಿಂದಕ್ಕೆ ತಿರುಗಿ ಅಡುಗೆಮನೆಗಳ ಒಳಗೆ ನಿಂತಿತಂತೆ. ಇದೆಲ್ಲ ಅಂತೆಕಂತೆ. ಆದರೆ ಒಲೆಯೊಳಗೆ ನೀರು ನಿಂತ ಕಥೆ ಕೇಳಿ ಬೆಳೆದವರು ಪರೀಕ್ಷೆ ಮಾಡಿ ನೋಡಲು ಹೋಗುವುದಿಲ್ಲ.

ಬೇರೆ ಊರುಗಳಲ್ಲಿ ಎಕ್ಕವೆಂದರೆ ಶಾಪ. ನಿನ್ನ ಮನೆ ಎಕ್ಕ ಹುಟ್ಟಿ ಹೋಗಲಿ ಎಂದು ಬೈಯುತ್ತಾರೆ. ಈ ಊರಿನ ಮರಳಿನಲ್ಲಿ ಎಕ್ಕ ಬಿಟ್ಟು ಬೇರೇನೂ ಸರಿಯಾಗಿ ಹುಟ್ಟುತ್ತಿರಲಿಲ್ಲ, ಹಾಗಾಗಿ ಇವರು ಆ ಬೈಗುಳವನ್ನೇ ಹಾರೈಕೆ ಮಾಡಿಕೊಂಡಿದ್ದರು. ಮಗು ಹುಟ್ಟಿದಾಗ ಹೊಸ್ತಿಲ ಬಳಿ ಒಂದು ಎಕ್ಕ ನೆಟ್ಟು, ಈ ಮನೆಯಲ್ಲಿ ಎಕ್ಕ ಹುಟ್ಟಲಿ ಎಂದು ನೀರೆರೆಯುತ್ತಿದ್ದರು. ಎಕ್ಕದ ಎಲೆಯನ್ನು ತಲೆಯ ಮೇಲೊಂದು, ಹೆಗಲ ಮೇಲೊಂದೊಂದು ಇಟ್ಟುಕೊಂಡು ಮೀಯುವ ದಿನವೊಂದು ಎಲ್ಲ ಊರುಗಳಲ್ಲೂ ಇದೆಯಲ್ಲ, ಅದೇ ಇಲ್ಲಿ ಸಾಟಿಯ ದಿನ. ಊರಿಗೆ ಊರೇ ಎಲೆ ಹೊತ್ತು ದಡದಲ್ಲಿ ನಿಲ್ಲುತ್ತಿತ್ತು. ಸಾಟಿ ಹೇಳುವ ಹೆಂಗಸು ಮಾತ್ರ ಸೊಂಟದವರೆಗೆ ನೀರಿಗಿಳಿದು, ಉಸಿರುಮೀನು ಮೇಲೆ ಬರುವುದನ್ನು ಕಾದು, ಹೇಳುತ್ತಿದ್ದಳು:

ಎಕ್ಕಕ್ಕೆ ಹಾಲುಂಟು, ಉಸಿರುಮೀನಿಗೂ ಹಾಲುಂಟು.
ಎಕ್ಕ ಬೂದಿ ಬಣ್ಣ, ಉಸಿರುಮೀನೂ ಬೂದಿ ಬಣ್ಣ.
ಎಕ್ಕವನ್ನು ದನ ಮೇಯದು, ಉಸಿರುಮೀನನ್ನು ಜನ ಉಣ್ಣರು.
ಒಂದಕ್ಕೆ ಹೋಗಲು ಬಾರದು, ಒಂದಕ್ಕೆ ನಿಲ್ಲಲು ಬಾರದು.
ಎರಡೂ ಒಂದೇ, ಎರಡೂ ಒಂದೇ.

ದಡದವರು 'ಒಂದೇ' ಎಂದು ದನಿಗೂಡಿಸಿ ಮುಳುಗು ಹಾಕುತ್ತಿದ್ದರು. ಅಲ್ಲಿಗೆ ಮುಗಿಯಿತು. ಮತ್ತೆ ಮುಂದಿನ ವರ್ಷದವರೆಗೆ ಯಾರೂ ಏನನ್ನೂ ಏನಕ್ಕೂ ಹೋಲಿಸುವುದಿಲ್ಲ.

ಸಾಟಿ ಹೇಳುವವಳನ್ನು ಸಾಟಿಯಮ್ಮ ಎಂದು ಕರೆಯುತ್ತಿದ್ದರು. ಮಕ್ಕಳಿಲ್ಲದವಳನ್ನೇ ಆರಿಸುತ್ತಿದ್ದರು. ಮಕ್ಕಳಿರುವ ಹೆಂಗಸು ಮನಸ್ಸಿನಲ್ಲಾದರೂ ಹೋಲಿಸದೆ ಇರಲಾರಳು ಎಂಬುದು ಹಿರಿಯರ ಅಂದಾಜು. ಅಂದಾಜು ಸರಿಯಾಗಿಯೇ ಇತ್ತು. ತಪ್ಪಿದ್ದು ಆಯ್ಕೆ.

ನಮ್ಮ ಕಥೆಯ ಸಾಟಿಯಮ್ಮ ಅಂಬಿಗನ ಹೆಂಡತಿ. ಅವಳಿಗೊಬ್ಬ ಮಗಳಿದ್ದಳು, ಸರಿಯಾಗಿ ನಡೆಯುವ ಮೊದಲೇ ಈಜಿದವಳು. ಉಸಿರುಮೀನು ಬಂತೆಂದರೆ ಉಣ್ಣುವ ಬಟ್ಟಲು ಬಿಟ್ಟು ಓಡುವವಳು. ಅವಳ ತಲೆಗೂದಲು ಒಣಗಿದ್ದನ್ನು ತಾಯಿ ಕಂಡದ್ದೇ ಕಡಿಮೆ. ಒಂದು ಮಧ್ಯಾಹ್ನ ಅವುಗಳ ಜೊತೆ ಅಳಿವೆಯ ಬಾಯಿಯವರೆಗೆ ಈಜಿಹೋದಳು. ಬಾಯಿ ದಾಟಿದಳು. ದಡದಲ್ಲಿದ್ದವರು ಕೂಗಿದರು. ಅವಳು ತಿರುಗಿ ಕೈಯೆತ್ತಿದಳು, ಬರುತ್ತೇನೆ ಎಂದೋ ಹೋಗುತ್ತೇನೆ ಎಂದೋ ಯಾರಿಗೂ ತಿಳಿಯಲಿಲ್ಲ. ಅಂಬಿಗ ಅಂಗೈ ಸುಲಿಯುವವರೆಗೆ ಹುಟ್ಟು ಹಾಕಿದ. ಹೆಣ ಸಿಗಲಿಲ್ಲ. ಅವಳೀಗ ಅವುಗಳ ಜೊತೆಗಿದ್ದಾಳೆ ಎಂದು ಊರಿನವರು ಸಮಾಧಾನ ಹೇಳಿದರು.

ಅದೇ ವರ್ಷ ಹಳೆಯ ಸಾಟಿಯಮ್ಮ ತೀರಿಕೊಂಡಳು. ಊರಿನ ಹಿರಿತನ ಹೊತ್ತ ಗುರಿಕಾರ ಅಂಬಿಗನ ಮನೆಗೆ ಬಂದು ಜಗಲಿಯಲ್ಲಿ ಕುಳಿತು, ಮಕ್ಕಳಿಲ್ಲದ ಹೆಂಗಸು ಅಂದರೆ ಈಗ ನಿನ್ನ ಹೆಂಡತಿಯೇ ಅಂದ. ಮಗಳನ್ನು ಕಳೆದುಕೊಂಡವಳೂ ಮಕ್ಕಳಿಲ್ಲದವಳೂ ಒಂದೇ ಎಂದು ಅವನು ಬಗೆದಿದ್ದ. ಹೋಲಿಸಬಾರದ ಊರಿನಲ್ಲಿ ಗುರಿಕಾರನೇ ಮಾಡಿದ ಹೋಲಿಕೆ ಅದು. ಬಾಯಿಬಿಟ್ಟು ಹೇಳಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಆಗಲೇ ಅವಳ ಹೊಟ್ಟೆಯಲ್ಲಿ ಚಿಕ್ಕವಳಿದ್ದಳು. ಅವಳಿಗೆ ಅದು ಗೊತ್ತಿತ್ತು, ಹೇಳಲಿಲ್ಲ. ಸಾಟಿಯಮ್ಮನಾದರೆ ವರ್ಷಕ್ಕೊಮ್ಮೆ ಆ ನೀರಿನಲ್ಲಿ ನಿಂತು, ದೊಡ್ಡವಳು ದಾಟಿದ ಬಾಯಿಯನ್ನು ಹತ್ತಿರದಿಂದ ನೋಡಬಹುದಿತ್ತು. ಅವಳಿಗೆ ಬೇಕಾದದ್ದು ಅಷ್ಟೇ. ಅಷ್ಟಕ್ಕಾಗಿ ಯಾವ ತಾಯಿಯೂ ಸುಮ್ಮನಿರುತ್ತಿದ್ದಳು.

ಚಿಕ್ಕವಳು ಹುಟ್ಟಿದಾಗ ಬಾಣಂತನಕ್ಕೆ ಬಂದವಳು ಬಲೆಯಜ್ಜಿ. ಊರಿನ ಬಲೆಗಳನ್ನೆಲ್ಲ ಹೆಣೆಯುತ್ತಿದ್ದವಳೂ ಅವಳೇ, ಊರಿನ ಮಕ್ಕಳನ್ನೆಲ್ಲ ಎತ್ತಿಕೊಂಡವಳೂ ಅವಳೇ. ಮಗುವನ್ನು ಬೆಳಕಿಗೆ ಹಿಡಿದು ನೋಡಿದಳು, ನೋಡಿ ಬಟ್ಟೆಯ ಸೆರಗನ್ನು ಅದರ ಮುಖದ ಮೇಲೆ ಎಳೆದಳು. ದೊಡ್ಡವಳ ಮುಖವೇ ಅದು. ಅದೇ ಅಗಲವಾದ ಹಣೆ, ನಗದಿದ್ದಾಗಲೂ ನಗುವ ಅದೇ ತುಟಿ. ಊರಿನವರು ಒಬ್ಬೊಬ್ಬರಾಗಿ ಬಂದರು, ತೊಟ್ಟಿಲಿಗೆ ಬಗ್ಗಿದರು, ಬಣ್ಣ ಇಳಿದ ಮುಖ ಹೊತ್ತು ಮೇಲೆದ್ದರು, ಮಗು ಮಗುವೇ ಅಂದರು. ಬೆಲ್ಲವನ್ನು ಯಾರೂ ತಿನ್ನಲಿಲ್ಲ. ಸಾಟಿಯಮ್ಮ ಬದುಕಿರುವಾಗ ಇನ್ನೊಬ್ಬಳನ್ನು ಕೂರಿಸುವ ಕ್ರಮ ಇರಲಿಲ್ಲವಾದ್ದರಿಂದ ಗುರಿಕಾರ ಏನೂ ನಡೆದಿಲ್ಲವೆಂಬಂತೆ ಇದ್ದುಬಿಟ್ಟ.

ಅವತ್ತಿನಿಂದ ಒಂದು ಮಾತು ಸಾಟಿಯಮ್ಮನ ಗಂಟಲಿಗೆ ಬಂದು ನಿಲ್ಲುವುದೇ ಆಯಿತು. ಮಗುವಿಗೆ ಎಣ್ಣೆ ತಿಕ್ಕುವಾಗ ಬರುತ್ತಿತ್ತು, ತುತ್ತು ಕೊಡುವಾಗ ಬರುತ್ತಿತ್ತು. ನೀನು ನಿನ್ನಕ್ಕನ ಹಾಗೆಯೇ ಇದ್ದೀಯಲ್ಲೇ ಎಂಬ ಮಾತು. ಬೇರೆ ಊರಿನ ತಾಯಿಯಾಗಿದ್ದರೆ ದಿನಕ್ಕೆ ಹತ್ತು ಸಲ ಹೇಳಿ, ಹತ್ತು ಸಲ ಅತ್ತು ಹಗುರಾಗುತ್ತಿದ್ದಳು. ಇವಳು ಅದನ್ನು ನುಂಗಿ ನುಂಗಿ ಬದುಕಿದಳು. ಬಾಯಲ್ಲಿ ಹೇಳಲಾಗದ್ದನ್ನು ಅವಳು ಬೇರೊಂದು ದಾರಿಯಲ್ಲಿ ಹೇಳಿದಳು. ಸಾಟಿಯ ದಿನ ನೀರಿನಲ್ಲಿ ನಿಂತು 'ಒಂದಕ್ಕೆ ನಿಲ್ಲಲು ಬಾರದು' ಅನ್ನುವಾಗ ದೊಡ್ಡವಳನ್ನು ನೆನೆಯುತ್ತಿದ್ದಳು. 'ಒಂದಕ್ಕೆ ಹೋಗಲು ಬಾರದು' ಅನ್ನುವಾಗ ದಡದಲ್ಲಿ ಕೂರಿಸಿ ಬಂದ ಚಿಕ್ಕವಳನ್ನು ನೆನೆಯುತ್ತಿದ್ದಳು. 'ಎರಡೂ ಒಂದೇ' ಅನ್ನುವಾಗ ಅವಳಿಗೆ ಸುಖವಾಗುತ್ತಿತ್ತು. ಊರೆಲ್ಲ 'ಒಂದೇ' ಎಂದು ದನಿಗೂಡಿಸುತ್ತಿತ್ತು, ಯಾವುದಕ್ಕೆ ದನಿಗೂಡಿಸುತ್ತಿದ್ದೇವೆಂದು ತಿಳಿಯದೆ.

ಚಿಕ್ಕವಳನ್ನು ಅವಳು ನೀರಿಗೆ ಬಿಡಲಿಲ್ಲ. ಹೊಳೆಯ ಕಡೆ ಮುಖ ಹಾಕಬೇಡ, ಅಂಗಳ ದಾಟಬೇಡ, ಎಕ್ಕದ ಬುಡದಲ್ಲಿ ಆಡಿಕೋ. ಮಗು ಹಟ ಮಾಡಲಿಲ್ಲ, ಎಕ್ಕದ ಬುಡದಲ್ಲಿ ಆಡಿಕೊಂಡಿತು. ಆಮೇಲೆ ಆಡುವುದನ್ನೂ ಬಿಟ್ಟು ಸುಮ್ಮನೆ ನಿಲ್ಲತೊಡಗಿತು. ಎಷ್ಟು ಒಳ್ಳೆಯ ಮಗು ಎಂದು ತಾಯಿ ಹಿಗ್ಗಿದಳು.

ಹುಡುಗಿ ಒಮ್ಮೆ ಹೊಸ್ತಿಲಿಗೆ ಎಡವಿ ಮೊಣಕಾಲು ತರಚಿಕೊಂಡಳು. ಅರಿಶಿನ ಹಚ್ಚಲು ಬಂದ ತಾಯಿ ನೋಡಿದರೆ ಗಾಯದಲ್ಲಿ ಕೆಂಪಿರಲಿಲ್ಲ. ಬೆಳ್ಳಗಿನ ಹನಿಯೊಂದು ಉಬ್ಬಿ, ದಪ್ಪಗಾಗಿ, ಕಾಲ ಮೇಲೆ ನಿಧಾನಕ್ಕೆ ಇಳಿಯಿತು. ಒರೆಸಿದರೆ ಬೆರಳಿಗೆ ಅಂಟಿತು. ತಾಯಿ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ತಾನು ಏನನ್ನೂ ಕಂಡಿಲ್ಲ ಎಂದುಕೊಂಡಳು. ಮನಸ್ಸು ಬೇಡವೆಂದರೆ ಕಣ್ಣು ಎಷ್ಟೋ ಕಾಲ ಕೇಳುತ್ತದೆ.

ಆಮೇಲೆ ಹುಡುಗಿಯ ಮೈಮೇಲೆ ತೆಳ್ಳಗೆ ಬೂದಿ ಕೂರತೊಡಗಿತು. ಮೀಯಿಸಿದರೆ ಹೋಗುತ್ತಿತ್ತು, ಒಣಗಿದ ಕೂಡಲೇ ಬರುತ್ತಿತ್ತು. ಬೀದಿಯ ದನಗಳು ಅವಳ ಹತ್ತಿರ ಬಂದು, ಮೂಸಿ, ಮೂತಿ ತಿರುಗಿಸಿ ಹೋಗುತ್ತಿದ್ದವು. ಬೆಳಿಗ್ಗೆ ಅವಳ ಮುಖ ಮೂಡಣಕ್ಕಿರುತ್ತಿತ್ತು, ಸಂಜೆ ಪಡುವಣಕ್ಕೆ, ನಡುವೆ ಅವಳು ತಿರುಗಿದ್ದನ್ನು ಯಾರೂ ಕಂಡವರಿಲ್ಲ. ಗಾಳಿ ಬಂದರೆ ಸ್ವಲ್ಪ ಬಾಗುತ್ತಿದ್ದಳು, ಗಾಳಿ ನಿಂತರೆ ನೆಟ್ಟಗಾಗುತ್ತಿದ್ದಳು. ಒಂದು ಸಂಜೆ ಒಳಗೆ ಕರೆದುಕೊಂಡು ಹೋಗಲು ಎತ್ತಿದಾಗ ಹಿಮ್ಮಡಿ ನೆಲದಿಂದ ಬಿಡುವಲ್ಲಿ ಸಣ್ಣಗೆ ಹರಿದ ಸದ್ದಾಯಿತು. ತಾಯಿ ದೀಪ ತಂದು ನೋಡಿದಳು. ಹಿಮ್ಮಡಿಯ ಕೆಳಗೆ ಬಿಳಿಯ ನಾರುಗಳಿದ್ದವು, ಹಸಿಯಾಗಿ, ತುದಿಗೆ ಮರಳು ಅಂಟಿಕೊಂಡು.

"ನೋವಿಲ್ಲಮ್ಮ," ಎಂದಳು ಹುಡುಗಿ, ತಾಯಿಯ ಮುಖ ನೋಡಿ, ಅವಳನ್ನು ಸಮಾಧಾನ ಮಾಡುವ ದನಿಯಲ್ಲಿ.

ಅದು ಸಾಟಿಯ ದಿನ ಹತ್ತಿರವಾಗುತ್ತಿದ್ದ ಕಾಲ. ದಿಬ್ಬದ ಎಕ್ಕಗಳ ಕಾಯಿಗಳು ಬಲಿತು ಬಿರಿಯಲು ಕಾದಿದ್ದವು. ಉಸಿರುಮೀನುಗಳು ಅಳಿವೆಗೆ ಬಂದಿದ್ದವು, ಆದರೆ ಈ ಸಲ ದಡದವರು ಅವುಗಳನ್ನು ನೋಡಲು ಮನಸ್ಸು ಮಾಡಲಿಲ್ಲ. ಅವುಗಳಲ್ಲಿ ಒಂದು ತಾಯಿ ತನ್ನ ಸತ್ತ ಮರಿಯನ್ನು ಮೂತಿಯ ಮೇಲೆ ಹೊತ್ತು ಈಜುತ್ತಿತ್ತು. ಮರಿ ಜಾರಿ ಮುಳುಗುತ್ತಿತ್ತು. ತಾಯಿ ಕೆಳಗೆ ಹೋಗಿ ಅದನ್ನು ಎತ್ತಿ ತರುತ್ತಿತ್ತು, ಉಸಿರಾಡಲೆಂದು ಗಾಳಿಗೆ ಹಿಡಿಯುತ್ತಿತ್ತು. ಮರಿ ಕೊಳೆಯತೊಡಗಿದ ಮೇಲೂ ಹಿಡಿಯುತ್ತಿತ್ತು. ಸಾಟಿಯಮ್ಮ ದಿನವೂ ಹೋಗಿ ಅದನ್ನು ನೋಡಿ ಬರುತ್ತಿದ್ದಳು. ಯಾಕೆ ಹೋಗುತ್ತೀ ಎಂದು ಅಂಬಿಗ ಕೇಳಲಿಲ್ಲ, ತಾನೂ ಇನ್ನೊಂದು ದಡದಿಂದ ನೋಡುತ್ತಿದ್ದ.

ಹೀಗೆ ಒಂದು ದಿನ ನೋಡಿಕೊಂಡು ಮನೆಗೆ ಬಂದಾಗ ಚಿಕ್ಕವಳು ಎಕ್ಕದ ಪಕ್ಕದಲ್ಲಿ ನಿಂತಿದ್ದಳು. ಪಾದಗಳು ಕಾಣುತ್ತಿರಲಿಲ್ಲ, ಮರಳು ಮುಚ್ಚಿತ್ತು.

"ಅಮ್ಮ, ಅಕ್ಕ ಬಂದಿದ್ದಾಳೆ. ಉಸಿರು ಬಿಡ್ತಾ ಇದ್ದಾಳೆ, ಕೇಳ್ತದಾ?"

ಆ ಮನೆಯಲ್ಲಿ ದೊಡ್ಡವಳ ಹೆಸರನ್ನು ಯಾರೂ ಎತ್ತಿರಲಿಲ್ಲ. "ನಿಂಗೆ ಅಕ್ಕ ಇದ್ದಳು ಅಂತ ಯಾರು ಹೇಳಿದ್ದು?" ಎಂದು ತಾಯಿ ಕೇಳಿದಳು.

"ಯಾರೂ ಹೇಳ್ಲಿಲ್ಲ. ನೀನು ನನ್ನ ನೋಡುವಾಗ ನನ್ನ ಹಿಂದೆ ಯಾರನ್ನೋ ನೋಡ್ತೀಯಲ್ಲ, ಅವಳೇ."

ಹುಡುಗಿ ಮುಂದುವರಿಸಿದಳು, ಊಟಕ್ಕೆ ಏನು ಮಾಡಿದ್ದೀ ಎಂದು ಕೇಳುವಷ್ಟೇ ಸಲೀಸಾಗಿ.

"ನಾನು ಅವಳ ಹಾಗೆ ಇದ್ದೇನಾ? ಹೌದು ಅಂತ ಒಂದ್ಸಲ ಹೇಳಮ್ಮ, ಸಾಕು. ಅವಳು ಇಲ್ಲಿಗೆ ಬರ್ತಾಳೆ. ನಂಗೆ ನಿಂತು ನಿಂತು ಅಭ್ಯಾಸ ಆಗಿದೆ. ನಾನು ಹೊರಗೇ ನಿಲ್ತೇನೆ."

ಹೌದು ಎಂಬ ಮಾತು ತಾಯಿಯ ಹಲ್ಲಿನ ಹಿಂದೆ ಬಂದು ಕೂತಿತು. ಅವಳಿಗೆ ಅದನ್ನು ಹೇಳುವ ಆಸೆಯಾಯಿತು. ಮುಚ್ಚಿಟ್ಟು ಏನು ಪ್ರಯೋಜನ, ಜೀವಕ್ಕಿಂತ ಹೆಚ್ಚು ಆಸೆಯಾಯಿತು. ಒದ್ದೆ ಕೂದಲಿನ ದೊಡ್ಡವಳು ಬಾಗಿಲಲ್ಲಿ ನಿಂತು, ಹಸಿವಾಗ್ತದೆ ಅನ್ನುವುದನ್ನು ಒಂದು ಗಳಿಗೆ ಕಂಡೇಬಿಟ್ಟಳು. ಆಗ ಗಾಳಿ ಬೀಸಿತು. ಚಿಕ್ಕವಳು ಮೆಲ್ಲಗೆ ಬಾಗಿದಳು, ಪಕ್ಕದ ಎಕ್ಕವೂ ಬಾಗಿತು, ಎರಡೂ ಒಟ್ಟಿಗೆ ನೆಟ್ಟಗಾದವು. ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಬಲೆಯಜ್ಜಿಯ ಗುಡಿಸಲಿಗೆ ಓಡಿದಳು.

ಅಜ್ಜಿ ಹರಿದ ಬಲೆಯ ಕಣ್ಣು ಸೇರಿಸುತ್ತಿದ್ದಳು. ಕೇಳಿಸಿಕೊಂಡಳು, ಕೈ ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಸಾಟಿ ಹೇಳುವಾಗ ಎಕ್ಕ ಅಂದ್ರೆ ಎಕ್ಕವನ್ನೇ ನೆನೆಸಿದ್ದಾ ನೀನು?"

ಸಾಟಿಯಮ್ಮ ತಲೆ ತಗ್ಗಿಸಿದಳು. ಅಜ್ಜಿಗೆ ಅಷ್ಟು ಸಾಕಾಯಿತು. ಮಕ್ಕಳಿಬ್ಬರನ್ನೂ ಆ ಮಾತಿನ ಒಳಗೆ ಇಟ್ಟವಳು ನೀನೇ, ಮಾತು ಅದರ ಕೆಲಸ ಮಾಡಿತು ಅಂದಳು. ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಇವಳು ಅಂಗಲಾಚಿದಳು.

"ಉಗುಳಿದ್ದನ್ನು ನುಂಗ್ಲಿಕ್ಕೆ ಆಗ್ತದಾ? ಬೇರೆ ಮಾಡಿ ಹೇಳ್ಬಹುದು. ಹಾಗೆ ಹೇಳಿದವರು ನಾ ಕಂಡ ಹಾಗೆ ಯಾರೂ ಇಲ್ಲ. ಬೇರೆ ಮಾಡಿದ್ರೆ ಪೂರಾ ಬೇರೆ ಆಗ್ತದೆ ಮಗಾ. ಆಮೇಲೆ ಇವಳ ಮುಖದಲ್ಲಿ ಅವಳನ್ನು ನೋಡ್ತೇನೆ ಅಂದ್ರೆ ಸಿಗ್ಲಿಕ್ಕಿಲ್ಲ. ಎಲ್ಲಿಯೂ ಸಿಗ್ಲಿಕ್ಕಿಲ್ಲ."

ಅಳಿವೆ ಮುಚ್ಚಿದರೆ ಊರಿನ ಗತಿಯೇನು ಎಂದು ಕೇಳಿದ್ದಕ್ಕೆ ಅಜ್ಜಿಗೆ ಸಿಟ್ಟು ಬಂತು. ಊರಿನವರಿಗೆ ಕೈಯಿಲ್ಲವೇ, ಗುದ್ದಲಿ ಹಿಡಿದು ಬಿಡಿಸಿಕೊಳ್ಳಲಿ ಅಂದಳು. ಆಮೇಲೆ ದನಿ ಇಳಿಸಿ, ಹೊಳೆಯ ಕಡೆ ಗಲ್ಲ ತೋರಿಸಿದಳು. "ಆ ತಾಯಿಗೆ ಗೊತ್ತುಂಟು ಮರಿ ಸತ್ತಿದೆ ಅಂತ. ಗೊತ್ತಿದ್ದೇ ಹೊರುವುದು."

ಸಾಟಿಯ ದಿನ ಬಂತು. ಮುಂಜಾನೆಯೇ ಅಂಬಿಗ ಹೊಸ್ತಿಲ ಬಳಿ ಮೊಣಕಾಲೂರಿ, ಮಗಳ ಪಾದದ ಸುತ್ತಲಿನ ಮರಳನ್ನು ಬೆರಳಿನಿಂದ ಬಿಡಿಸತೊಡಗಿದ. ಸಸಿ ಕೀಳುವವನ ಹಾಗೆ, ಬೇರು ಹರಿಯದಂತೆ, ಬುಡದಿಂದ ಸ್ವಲ್ಪ ದೂರದಲ್ಲಿ ಅಗೆದು ಒಳಗೆ ಬರುತ್ತಿದ್ದ. ನಾವು ಆ ಊರಿನವರಲ್ಲ, ಆದ್ದರಿಂದ ಹೀಗೆ ಹೋಲಿಸಿ ಹೇಳಬಹುದು. ಹಿಮ್ಮಡಿಯಿಂದ ಇಳಿದ ನಾರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗಳನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದು ನಿಲ್ಲಿಸಿದ. ಅವಳ ಕಣ್ಣು ಅರ್ಧ ಮುಚ್ಚಿತ್ತು. ಕರೆದರೆ ಓಗೊಡಲು ಬಹಳ ಹೊತ್ತು ಬೇಕಾಗುತ್ತಿತ್ತು.

ಊರಿಗೆ ಊರೇ ತಲೆಯ ಮೇಲೂ ಹೆಗಲ ಮೇಲೂ ಎಲೆ ಹೊತ್ತು ನಿಂತಿತ್ತು. ಯಾರೂ ಹುಡುಗಿಯ ಕಡೆ ನೋಡಲಿಲ್ಲ. ಸಾಟಿಯಮ್ಮ ನೀರಿಗಿಳಿದಳು. ಪಾದ ಮುಳುಗಿತು, ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಉಸಿರುಮೀನುಗಳು ಬಂದವು. ಅವುಗಳ ಬೆನ್ನು ಮೇಲೆದ್ದು ಇಳಿಯಿತು, ಉಸಿರಿನ ಸದ್ದು ನೀರಿನ ಮೇಲೆ ಹರಡಿ ದಡದ ಎಕ್ಕಗಳವರೆಗೆ ಹೋಯಿತು. ಎಲ್ಲಕ್ಕಿಂತ ಹಿಂದೆ ಆ ತಾಯಿ ಬಂತು. ಮೂತಿಯ ಮೇಲಿನ ಮರಿ ಮರಿಯಾಗಿ ಉಳಿದಿರಲಿಲ್ಲ. ಅದು ಸಾಟಿಯಮ್ಮನ ಎದುರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು ನಿಂತಿತು. ನಿಲ್ಲಲು ಬಾರದ್ದು ನಿಂತದ್ದನ್ನು ಕಂಡು ದಡದವರು ಒಂದು ಹೆಜ್ಜೆ ಹಿಂದೆ ಸರಿದರು.

ಸಾಟಿಯಮ್ಮ ಬಾಯಿ ತೆರೆದಳು.

"ಎಕ್ಕದ ಹಾಲು ಸುಡ್ತದೆ. ಉಸಿರುಮೀನಿನ ಹಾಲು ಸಾಕ್ತದೆ. ಎರಡೂ ಬೇರೆ."

ದಡದಲ್ಲಿ ಗುಜುಗುಜು ಎದ್ದಿತು. ಗುರಿಕಾರ ಅವಳನ್ನು ಹಿಡಿಯಲೆಂದು ನೀರಿಗೆ ಕಾಲಿಟ್ಟ. ಬಲೆಯಜ್ಜಿ ಅವನ ಮುಂಡಾಸಿನ ತುದಿ ಹಿಡಿದು ಎಳೆದಳು, ಮುಂಡಾಸು ಬಿಚ್ಚಿಕೊಂಡಿತು. ಅವನು ಅದನ್ನು ಸುತ್ತಿಕೊಳ್ಳುವಷ್ಟರಲ್ಲಿ ಎರಡನೆಯ ಮಾತೂ ಆಗಿಹೋಗಿತ್ತು.

"ಎಕ್ಕದ ಬೂದಿ ಒರೆಸಿದ್ರೆ ಹೋಗ್ತದೆ. ಉಸಿರುಮೀನಿನ ಬೂದಿ ಹೋಗುವುದಿಲ್ಲ. ಎರಡೂ ಬೇರೆ."

ಮೂರನೆಯದು ಅವಳಿಗೆ ಹೊಳೆಯಲಿಲ್ಲ. ಹೋಗುವುದು, ನಿಲ್ಲುವುದು ಎಂಬ ಹಳೆಯ ಮಾತೇ ನಾಲಿಗೆಗೆ ಬಂತು. ಅದನ್ನು ಹೇಳಿದರೆ ಮಕ್ಕಳಿಬ್ಬರೂ ಮತ್ತೆ ಅದರೊಳಗೆ ಹೋಗಿ ಕೂರುತ್ತಿದ್ದರು. ಆಗ ದಿಬ್ಬದ ಮೇಲೆ ಬಿಸಿಲೇರಿ ಎಕ್ಕದ ಕಾಯೊಂದು ಬಿರಿಯಿತು. ಬಿಳಿಯ ನೂಲು ಹೊತ್ತ ಬೀಜಗಳು ಎದ್ದು, ಗಾಳಿಗೆ ಸಿಕ್ಕಿ, ಅವಳ ತಲೆಯ ಮೇಲಿಂದ ಅಳಿವೆಯ ಬಾಯಿಯ ಕಡೆ ತೇಲಿದವು. ಗಿಡ ಅವುಗಳ ಹಿಂದೆ ಒಂದಿಷ್ಟೂ ಬಾಗಲಿಲ್ಲ. ಎದುರಿಗೆ ಉಸಿರುಮೀನು ಜಾರುತ್ತಿದ್ದ ಮರಿಯನ್ನು ಮತ್ತೊಮ್ಮೆ ಎತ್ತಿ ಹಿಡಿಯಿತು. ಸಾಟಿಯಮ್ಮ ಒಮ್ಮೆ ಗಿಡವನ್ನು ನೋಡಿದಳು, ಒಮ್ಮೆ ಮೀನನ್ನು ನೋಡಿದಳು. ಇಷ್ಟು ವರ್ಷ ಸಾಟಿಯ ಮಾತಿನಲ್ಲಿ ಉಸಿರುಮೀನು ದೊಡ್ಡವಳೆಂದು ತಾನು ತಿಳಿದದ್ದು ತಪ್ಪು, ಅದು ತಾನೇ ಎಂಬುದು ಅವಳಿಗೆ ಕಂಡಿತು.

"ಎಕ್ಕ ಬಿಡ್ತದೆ," ಅಂದಳು. "ಉಸಿರುಮೀನು ಬಿಡುವುದಿಲ್ಲ. ಎರಡೂ ಬೇರೆ. ಹೋದವಳು ಬೇರೆ, ಇರುವವಳು ಬೇರೆ." ಆಮೇಲೆ ದಡದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು. "ನಾನು ಬಿಟ್ಟೆ ಮಗಾ. ಹೋಗು."

ಉಸಿರುಮೀನು ಮೂತಿಯನ್ನು ತಗ್ಗಿಸಿತು. ಮರಿ ಜಾರಿತು. ನೀರು ಅದರ ಮೇಲೆ ಮುಚ್ಚಿಕೊಂಡಿತು. ತಾಯಿ ಕೆಳಗೆ ಹೋಗಲಿಲ್ಲ. ಅಲ್ಲಿಯೇ ಒಂದು ಸುತ್ತು ಹಾಕಿತು, ಒಮ್ಮೆ ಉಸಿರು ಬಿಟ್ಟಿತು, ಉಳಿದವುಗಳ ಹಿಂದೆ ಬಾಯಿ ದಾಟಿ ಹೋಯಿತು. ಆ ಸಲ ದಡದವರು 'ಒಂದೇ' ಅನ್ನಲಿಲ್ಲ, 'ಬೇರೆ' ಅನ್ನಲೂ ಅವರಿಗೆ ಬಾಯಿ ಬರಲಿಲ್ಲ. ಹೆಗಲ ಮೇಲಿನ ಎಲೆಗಳು ಒಂದೊಂದಾಗಿ ಮರಳಿಗೆ ಬಿದ್ದವು.

ಆಗ ದಡದಿಂದ ಅಳುವ ಸದ್ದು ಕೇಳಿತು. ಚಿಕ್ಕವಳು ಒಂದು ಹೆಜ್ಜೆ ಇಟ್ಟಿದ್ದಳು. ಆ ಹೆಜ್ಜೆ ಒಡೆದ ಚಿಪ್ಪಿನ ಮೇಲೆ ಬಿದ್ದಿತ್ತು. ಅವಳು ನೋವೆಂದು ಅತ್ತದ್ದನ್ನು ಊರಿನವರು ಅದುವರೆಗೆ ಕೇಳಿರಲಿಲ್ಲ. ಸಾಟಿಯಮ್ಮ ನೀರು ಬಗೆದುಕೊಂಡು ಓಡಿಬಂದು ಅವಳ ಪಾದವನ್ನು ಮಡಿಲಿಗೆ ಎಳೆದುಕೊಂಡಳು. ಹಿಮ್ಮಡಿಗೆ ಸುತ್ತಿದ್ದ ಒದ್ದೆ ಬಟ್ಟೆಯೊಳಗೆ ನಾರುಗಳು ಒಣಗಿ ಪುಡಿಯಾಗಿದ್ದವು. ಗಾಯದಿಂದ ಕೆಂಪಗೆ, ಬೆಚ್ಚಗೆ ರಕ್ತ ಬರುತ್ತಿತ್ತು. ತಾಯಿ ಅದನ್ನು ಒರೆಸಲಿಲ್ಲ. ತನ್ನ ಅಂಗೈಗೆ ಬೀಳಲು ಬಿಟ್ಟು ನೋಡುತ್ತ ಕುಳಿತಳು. ಅಂಬಿಗ ಪಕ್ಕದಲ್ಲಿ ಕುಸಿದು, ದೊಡ್ಡವಳು ಹೋದಾಗ ಅಳದಿದ್ದದ್ದನ್ನೂ ಸೇರಿಸಿ ಅತ್ತ.

ಅಳಿವೆ ಮುಚ್ಚಲಿಲ್ಲ. ಗುರಿಕಾರ ಬಹಳ ಕಾಲ ಗುದ್ದಲಿಯನ್ನು ಬಾಗಿಲಿಗೆ ಒರಗಿಸಿಟ್ಟು ಕಾದ, ಆಮೇಲೆ ಅದು ತುಕ್ಕು ಹಿಡಿಯಿತು. ಉಸಿರುಮೀನುಗಳು ಮಾತ್ರ ಮತ್ತೆ ಆ ಊರಿಗೆ ಬರಲಿಲ್ಲ. ಹೊಸ್ತಿಲ ಬಳಿಯ ಎಕ್ಕವೂ ಒಣಗಿಹೋಯಿತು. ಹೋಲಿಸುವ ಎರಡರಲ್ಲಿ ಒಂದು ಬಾರದ ಮೇಲೆ ಸಾಟಿಯಮ್ಮನೂ ಬೇಕಾಗಲಿಲ್ಲ. ಅವಳು ಅಂಬಿಗನ ಹೆಂಡತಿಯಾಗಿ, ಚಿಕ್ಕವಳ ತಾಯಿಯಾಗಿ ಉಳಿದಳು.

ಚಿಕ್ಕವಳು ನಡೆದಳು, ಓಡಿದಳು, ಅಂಗಳ ದಾಟಿದಳು. ಅಪ್ಪನ ದೋಣಿಯಲ್ಲಿ ಕುಳಿತು ಹೊಳೆಯ ಆಚೆಗೂ ಹೋಗಿಬಂದಳು. ಒಂದು ಸಂಜೆ ತಾಯಿ ಅವಳ ತಲೆ ಬಾಚುತ್ತಿದ್ದಳು. ಮಗಳ ಮುಖ ಎದುರಿಗೇ ಇತ್ತು, ಅಗಲವಾದ ಹಣೆ, ನಗುವ ತುಟಿ. ಎಡಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆಯಿತ್ತು. ಅದು ಹುಟ್ಟಿನಿಂದಲೂ ಇದ್ದದ್ದು, ಆದರೆ ತಾಯಿ ಅದನ್ನು ಅವತ್ತೇ ಮೊದಲ ಸಲ ನೋಡಿದಳು.

"ಅಮ್ಮ, ಅಕ್ಕ ಹೇಗಿದ್ದಳು?"

ತಾಯಿಯ ಬಾಚಣಿಗೆ ನಿಂತಿತು. ಅವಳು ಕಣ್ಣು ಮುಚ್ಚಿ ಹುಡುಕಿದಳು. ಅಳಿವೆಯ ಬಾಯಿ ಕಂಡಿತು. ಬಿಸಿಲು ಕಂಡಿತು. ನೀರಿನಿಂದ ಮೇಲೆತ್ತಿದ ಒಂದು ಕೈ ಕಂಡಿತು, ಒದ್ದೆ ಕೂದಲು ಕಂಡಿತು. ಮುಖ ಇರಬೇಕಾದಲ್ಲಿ ಏನೂ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ. ಕಣ್ಣು ತೆರೆದಾಗ ಚಿಕ್ಕವಳು ಕಾಯುತ್ತಿದ್ದಳು.

"ಅವಳು ಅವಳ ಹಾಗೇ ಇದ್ದಳು," ಎಂದಳು ತಾಯಿ. ಹೇಳಿ, ನಿಂತಿದ್ದ ಬಾಚಣಿಗೆಯನ್ನು ಮತ್ತೆ ಮಗಳ ಕೂದಲಿಗೆ ಇಟ್ಟಳು. ಕೂದಲು ಒದ್ದೆಯಾಗಿತ್ತು. ಹುಡುಗಿ ಮಧ್ಯಾಹ್ನ ಹೊಳೆಯಲ್ಲಿ ಈಜಿ ಬಂದಿದ್ದಳು.